ದಯವಿಟ್ಟು ನಿಮ್ಮ ಹೆಸರು ಹೇಳಿ

ಮಾರ್ಚ್ ೩, ಮಂಗಳವಾರ

ರಾತ್ರಿ ಎರಡೂ ಕಾಲು. ಎಬ್ಬಿಸಿದ್ದು ಮಗುವಲ್ಲ, ಕಬ್ಬಿಣದ ಬೀರುವಿನ ಮೇಲಿಟ್ಟಿದ್ದ ಫೋನು. ರಿಂಗ್ ಆರಿಸಿಟ್ಟರೂ ಅದು ತಗಡಿನ ಮೇಲೆ ಡಬ್ಬಿಯಲ್ಲಿ ಸಿಕ್ಕಿಬಿದ್ದ ದುಂಬಿಯ ಹಾಗೆ ಗುಂಯ್ ಎನ್ನುತ್ತದೆ. ಮಗು ಎದ್ದೀತೆಂದು ಬರಿಗಾಲಲ್ಲಿ ಓಡಿದೆ. ಸಂಘದ ಸಂದೇಶ: "ಪ್ರಿಯ ಸದಸ್ಯರೇ, ನಿಮ್ಮ ಬದುಕಿನ ಈ ಸಂದರ್ಭದಲ್ಲಿ ಸಂಘ ನಿಮ್ಮೊಂದಿಗಿದೆ."

ಮಗು ಹುಟ್ಟಿ ಮೂರು ತಿಂಗಳಾಗುತ್ತ ಬಂತು. ಈಗ ನೆನಪಾಯಿತು ಇವರಿಗೆ. ಹೋದ ವರ್ಷ ನಮ್ಮ ಕಾರ್ಯದರ್ಶಿಯ ತಂದೆ ತೀರಿಕೊಂಡಾಗ ಅವರ ಫೋನಿಗೂ ಇದೇ ಸಾಲು ಬಂದಿತ್ತು, ಅವರೇ ತೋರಿಸಿ ನಕ್ಕಿದ್ದರು. ಹುಟ್ಟಿದರೂ ಇದೇ, ಸತ್ತರೂ ಇದೇ.

ಮತ್ತೆ ನಿದ್ದೆ ಹತ್ತಲಿಲ್ಲ. ಅಡುಗೆಮನೆಯ ದೀಪದಲ್ಲಿ ಕೂತು ಬರೆಯುತ್ತಿದ್ದೇನೆ.

ಬಿಟ್ಟುಬಿಡಬೇಕು ಈ ಸಂಘವನ್ನು. ಸ್ಪೀಚ್ ಥೆರಪಿಸ್ಟರ ಸಂಘ ಅಂತೆ! ಮಾತು ತಡೆಯುವ ಮಕ್ಕಳಿಗೆ ಮಾತು ಬಿಡಿಸಿಕೊಡುವವರೆಲ್ಲ ಸೇರಿ ಕಟ್ಟಿದ ಸಂಘದಲ್ಲಿ ಈಗ ಮಾತೇ ಇಲ್ಲ. ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಶುರುವಾಗಿತ್ತು. ಕೆಳಗೆ ಹೊಲಿಗೆ ಯಂತ್ರದ ಸದ್ದು, ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ನಾವು ಹತ್ತು ಹನ್ನೆರಡು ಜನ. ಸಭೆ ಶುರುವಾಗುವಾಗ ಯಾರೂ ತಮ್ಮ ಹೆಸರು ಹೇಳಿಕೊಳ್ಳುತ್ತಿರಲಿಲ್ಲ, ಎಡಗಡೆ ಕೂತವರ ಹೆಸರು ಹೇಳುತ್ತಿದ್ದೆವು. ಉಗ್ಗುವವರಿಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಕಷ್ಟದ ಪದ ಅವರ ಸ್ವಂತ ಹೆಸರು. ಬೇರೆ ಯಾವ ಮಾತು ತಡೆದರೂ ಅದರ ಬದಲು ಇನ್ನೊಂದು ಹೇಳಿ ನುಣುಚಿಕೊಳ್ಳಬಹುದು. ಹೆಸರಿಗೆ ಬದಲಿ ಎಲ್ಲಿದೆ?

ಆ ಪದ್ಧತಿ ಬಂದದ್ದೇ ನನ್ನ ಗೆಳತಿಯಿಂದ. ಕಾಲೇಜಿನ ಮೊದಲ ದಿನ ಒಬ್ಬ ಸೀನಿಯರ್ ಅವಳನ್ನು ನಿಲ್ಲಿಸಿ ಹೆಸರು ಕೇಳಿದ. ತುಟಿ ಬಿಗಿದುಕೊಂಡಿತು, ಕತ್ತಿನ ನರ ಉಬ್ಬಿತು, ಹೆಸರು ಬರಲಿಲ್ಲ. ಕಡೆಗೆ "ಇರಲಿ ಬಿಡಿ" ಎಂದುಬಿಟ್ಟಳು. ಅವನು "ಓಹೋ, ಇರಲಿ ಅಂತಲಾ ಹೆಸರು?" ಎಂದ. ಅಂದಿನಿಂದ ಅವಳು ಇರಲಿ. ಅವಳೇ ಇಷ್ಟಪಟ್ಟು ಇಟ್ಟುಕೊಂಡಳು. "ನ-ನಾಲಿಗೆಗೆ ಸುಲಭ ಕಣೇ, ಬಾಯಿ ತೆರೆದ್ರೆ ತಾನಾಗಿ ಬೀಳುತ್ತೆ" ಎನ್ನುತ್ತಿದ್ದಳು. ಉಗ್ಗಿಕೊಂಡೇ ಓದಿ ಸ್ಪೀಚ್ ಥೆರಪಿಸ್ಟ್ ಆದಳು. ಈಗ ದೂರದ ಊರಿನ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ. ಅವಳೆದುರು ಮಕ್ಕಳು ಅರಳುವಷ್ಟು ನನ್ನೆದುರು ಅರಳುವುದಿಲ್ಲ.

ಅವಳಾದರೂ ಬಂದಳೇ? ಮಗು ನೋಡಲು ಬೇಡ, ಒಂದು ಫೋನ್? ಸಂಘ ಹೇಗೂ ಹಾಗಾಯಿತು, ಇವಳೂ ಹೀಗೆ.

ಹಾಲೂಡಿಸುತ್ತ ಇಂಥದ್ದೆಲ್ಲ ಯೋಚಿಸಬಾರದು ಅನ್ನಿಸುತ್ತದೆ. ಮಗು ಇನ್ನೂ "ಆ" "ಊ" ಎಂದು ದನಿ ತೆಗೆಯುತ್ತಿಲ್ಲ. ಎರಡು ತಿಂಗಳಿಗೇ ತೆಗೆಯಬೇಕು. ಬೇರೆ ತಾಯಂದಿರಿಗೆ "ಗಾಬರಿ ಬೇಡ" ಎಂದು ಎಷ್ಟು ಸಲೀಸಾಗಿ ಹೇಳುತ್ತಿದ್ದೆ.

ಮಾರ್ಚ್ ೫, ಗುರುವಾರ

ಇವತ್ತು ಮಧ್ಯಾಹ್ನ ಧೈರ್ಯ ಮಾಡಿ ಸಂಘಕ್ಕೆ ಫೋನ್ ಮಾಡಿದೆ. ಎತ್ತಿದ್ದು ನಾನೇ!

"ನಮಸ್ಕಾರ. ನಿಮ್ಮ ಕರೆ ನಮಗೆ ಅಮೂಲ್ಯ. ದಯವಿಟ್ಟು ನಿಮ್ಮ ಹೆಸರು ಹೇಳಿ."

ಮರೆತೇಬಿಟ್ಟಿದ್ದೆ. ಹೋದ ವರ್ಷ ಹೊಟ್ಟೆಯಲ್ಲಿ ಮಗುವಿದ್ದಾಗ ನನ್ನನ್ನು ಸ್ಟುಡಿಯೋದಲ್ಲಿ ಕೂರಿಸಿ ಇದನ್ನೆಲ್ಲ ಓದಿಸಿದ್ದರು. "ನಿಮ್ಮ ಉಚ್ಚಾರ ಎಷ್ಟು ಸ್ಪಷ್ಟ" ಎಂದು ಹೊಗಳಿದರು. ಉಬ್ಬಿಹೋಗಿ ಓದಿಕೊಟ್ಟೆ.

ಹೆಸರು ಹೇಳುವಷ್ಟರಲ್ಲಿ ಮಗು ಕಿರುಚಿತು. "ಕ್ಷಮಿಸಿ, ಅರ್ಥವಾಗಲಿಲ್ಲ. ಮತ್ತೊಮ್ಮೆ ಪ್ರಯತ್ನಿಸಿ." ಮತ್ತೊಮ್ಮೆ ಪ್ರಯತ್ನಿಸಿದೆ, ಮಗುವೂ ಮತ್ತೊಮ್ಮೆ ಪ್ರಯತ್ನಿಸಿತು. "ಕ್ಷಮಿಸಿ." ಕರೆ ಕಡಿಯಿತು.

"ಯಾರೇ ಅದು?" ಬಟ್ಟೆ ಮಡಿಸುತ್ತಿದ್ದ ಅಮ್ಮ ಕೇಳಿದಳು. "ಥೇಟ್ ನಿನ್ನ ಹಾಗೇ ಮಾತಾಡ್ತಾಳೆ. ಸೊಕ್ಕು ಸ್ವಲ್ಪ ಜಾಸ್ತಿ."

"ನಾನೇ ಅಮ್ಮ."

"ಹಾಗಾದ್ರೆ ಸರಿಯಾಗೇ ಇದೆ ಬಿಡು."

ಸಂಜೆ ಇವರಿಗೆ ಹೇಳಿದರೆ ಹೊಟ್ಟೆ ಹಿಡಿದು ನಕ್ಕರು. "ಮದುವೆ ಆದಾಗಿಂದ ನಾನು ಅನುಭವಿಸಿದ್ದು ಇವತ್ತು ನಿಂಗೂ ಗೊತ್ತಾಯ್ತು. ನಿನ್ನ ಹತ್ರ ಮಾತಾಡಿ ಗೆಲ್ಲೋಕಾಗಲ್ಲ ಕಣೇ."

ಒಂದು ವಿಚಿತ್ರ ಮಾತ್ರ ಬರೆದಿಡಬೇಕು. ಸ್ಪೀಕರಿನಲ್ಲಿ ಆ ದನಿ ಕೇಳುತ್ತಿದ್ದಷ್ಟು ಹೊತ್ತು ಮಗು ಕಣ್ಣರಳಿಸಿ ಸುಮ್ಮನಿತ್ತು. ಹೊಟ್ಟೆಯಲ್ಲಿದ್ದಾಗ ಕೇಳಿಸಿಕೊಂಡದ್ದು ನೆನಪಿದೆಯೋ ಏನೋ.

ನನ್ನ ಫೋನಿನಲ್ಲೂ ಇದೇ ದನಿಯಿದೆ. ಹೆರಿಗೆಯ ವಾರ ನನ್ನ ಹಳೆ ಫೋನು ಬಕೆಟ್ಟಿನ ನೀರಿಗೆ ಬಿತ್ತು. ನಂಬರುಗಳೆಲ್ಲ ಹೋದವು. ಹೊಸ ಫೋನ್ ತಂದಾಗ ಇವರು ಮನೆಯವರ ಮತ್ತು ಸಂಘದ ನಂಬರು ಮಾತ್ರ ತುಂಬಿ, ಸಾಲ ಬೇಕಾ ವಿಮೆ ಬೇಕಾ ಎನ್ನುವವರ ಕಾಟ ತಪ್ಪಲಿ ಎಂದು ಒಂದು ಏರ್ಪಾಟು ಮಾಡಿದರು. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಆ ಕಡೆಯವರಿಗೆ ನಾನು ಸಂಘಕ್ಕೆ ಓದಿಕೊಟ್ಟ ಅದೇ ಸಾಲು ಕೇಳಿಸುತ್ತದೆ. ಹೆಸರು ಹೇಳಿದರೆ ಫೋನು ಹೊಡೆದುಕೊಳ್ಳುತ್ತದೆ, ಇಲ್ಲವಾದರೆ ಕಡಿಯುತ್ತದೆ. ಬಾಣಂತಿಗೆ ಒಳ್ಳೆಯ ಕಾವಲು. ಈ ಮೂರು ತಿಂಗಳು ಒಬ್ಬರೂ ಕಾಡಿಸಿಲ್ಲ.

ಮಾರ್ಚ್ ೬, ಶುಕ್ರವಾರ

ಅಳು ನಿಲ್ಲಲಿಲ್ಲ. ಆ ದನಿ ಹಾಕಿ ದಿಂಬಿನ ಪಕ್ಕ ಇಟ್ಟೆ. ಮಲಗಿತು. ನಾನೂ.

ಮಾರ್ಚ್ ೭, ಶನಿವಾರ

ಇವತ್ತೂ ಅದನ್ನೇ ಹಾಕಿದೆ. ನನ್ನದೇ ದನಿ ತಾನೆ, ತಪ್ಪೇನು? ನಾನೂ ಹೇಳುವುದು ಹೆಚ್ಚುಕಡಿಮೆ ಅದೇ, ಇಷ್ಟು ಸ್ಪಷ್ಟವಾಗಿ ಮಾತ್ರ ಅಲ್ಲ.

ಅಮ್ಮನಿಗೆ ಹಿಡಿಸಿಲ್ಲ. "ಮಗೂಗೆ 'ನಿಮ್ಮ ಹೆಸರು ಹೇಳಿ' ಅಂತ ಜೋಗುಳನಾ? ಅದಕ್ಕಿನ್ನೂ ಹೆಸರೇ ಇಟ್ಟಿಲ್ಲ ನೀವು!"

ನಿಜ. ಪುಟ್ಟಿ ಪುಟ್ಟಿ ಎಂದೇ ಕಾಲ ಕಳೆಯುತ್ತಿದ್ದೇವೆ. ಇವರು ತಂದ ಹೆಸರುಗಳನ್ನೆಲ್ಲ ನಾನು ಬೇಡ ಎಂದೆ. ಪಕಾರ ಬೇಡ, ಬಕಾರ ಬೇಡ, ಮಕಾರ ಬೇಡ. ತುಟಿ ಬಿಗಿಯುವ ಅಕ್ಷರದಿಂದ ಶುರುವಾಗಬಾರದು, ಅಕಸ್ಮಾತ್ ಆದರೆ ಎಂದು. "ಅಕಸ್ಮಾತ್ ಏನು?" ಎಂದು ಇವರು ಕೇಳಿದರು. ಇರಲಿಯ ಮುಖ ಕಣ್ಣಿಗೆ ಬಂತು, ನಾಚಿಕೆಯಾಯಿತು. ಅವಳು ಕೇಳಿಸಿಕೊಂಡಿದ್ದರೆ?

ಮಾರ್ಚ್ ೯, ಸೋಮವಾರ

ಕೊಟ್ಟುಬಿಟ್ಟೆ ರಾಜೀನಾಮೆ.

ಮೂರು ರಾತ್ರಿ ತಲೆಯಲ್ಲೇ ಬರೆದಿದ್ದೆ. ದರ್ಜಿ ಅಂಗಡಿಯ ಕೋಣೆ, ಎಡಗಡೆಯವರ ಹೆಸರು, ಹುಟ್ಟಿಗೂ ಸಾವಿಗೂ ಒಂದೇ ಸಾಲು, ಎಲ್ಲವನ್ನೂ ತುಂಬಿದ್ದೆ. ಓದಿದವರ ಕಣ್ಣು ತೇವವಾಗಬೇಕು, ಹಾಗೆ. ಕಂಪ್ಯೂಟರಿನಲ್ಲಿ ಕಳಿಸಲು ಹೋದರೆ "ಕಾರಣ" ಎನ್ನುವಲ್ಲಿ ಆರಿಸಿಕೊಳ್ಳಲು ಮೂರೇ ಇದ್ದವು: ನಿವೃತ್ತಿ, ಸ್ಥಳಾಂತರ, ಇತರೆ. "ಇತರೆ" ಒತ್ತಿದೆ. ಮರುಗಳಿಗೆ ಫೋನು ಬಂತು. ನನ್ನದೇ ದನಿ. "ನಿಮ್ಮ ಮನವಿ ತಲುಪಿದೆ. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಂಜೆಯವರೆಗೆ ಫೋನನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಯಾಕಮ್ಮಾ ಬಿಡ್ತೀಯ ಎಂದು ಯಾರಾದರೂ ಕೇಳುತ್ತಾರೆ ಎಂದುಕೊಂಡಿದ್ದೆನೇ? ಹೌದು. ಯಾರೂ ಕೇಳಲಿಲ್ಲ.

ಹಗುರವಾಗಬೇಕಿತ್ತು. ಮಗುವನ್ನು ಯಾರದೋ ಮನೆಯಲ್ಲಿ ಬಿಟ್ಟು ಬಂದ ಹಾಗಿದೆ. ನಾವೆಲ್ಲ ಬಿಟ್ಟು ಹೋದರೆ ಅಲ್ಲಿ ಉಳಿಯುವುದು ಆ ದನಿ ಮಾತ್ರ. ನಾನು ಹೊರಗೆ, ನನ್ನ ದನಿ ಒಳಗೆ.

ಮಾರ್ಚ್ ೧೨, ಗುರುವಾರ

ಬೀರುವಿನ ಮೇಲೆ ಫೋನ್ ಮೂರು ಸಲ ಸಣ್ಣಗೆ ಮಿಂಚಿತು. ಪರದೆಯ ಮೇಲೆ "ಹೆಸರು ಹೇಳದ ಕರೆ." ವಿಮೆಯವರೇ ಇರಬೇಕು. ಅಳಿಸಿದೆ.

ಪುಟ್ಟಿ ಇವತ್ತೂ ದನಿ ತೆಗೆಯಲಿಲ್ಲ. ಬೆಳಗ್ಗೆಯಿಂದ ಅವಳೆದುರು ಕೂತು "ಆ ಅನ್ನು, ಊ ಅನ್ನು, ಅಮ್ಮನ ನೋಡು, ಆ" ಎಂದು ಬಾಯಿ ನೋಯುವಷ್ಟು ಹೇಳಿದೆ. ಮುಖ ತಿರುಗಿಸಿಕೊಂಡಳು.

ಮಾರ್ಚ್ ೧೪, ಶನಿವಾರ

ಊಟಕ್ಕೆ ಕೂತಿದ್ದಾಗ ಕಾರ್ಯದರ್ಶಿಯ ಫೋನ್. ಯಂತ್ರವಲ್ಲ, ಮನುಷ್ಯರು!

"ಮೇಡಂ, ಪಾಪು ಹೇಗಿದೆ? ನಿಮ್ಮ ಫೋನೂ ಹೆಸರು ಕೇಳುತ್ತಲ್ರೀ! ಆಫೀಸಿಗೇ ಮಾಡ್ಬಿಟ್ಟೆನಾ ಅಂತ ಗಾಬರಿ ಆಯ್ತು ನಂಗೆ."

ನಕ್ಕೆ. ಅವರು ನಗಲಿಲ್ಲ.

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವಿಬ್ಬರೂ ಮಾತಾಡ್ಕೊಂಡೇ ಕೊಟ್ರಾ?"

"ಯಾವ ಇಬ್ಬರು?"

"ನೀವು ಮತ್ತೆ ನಿಮ್ಮ ಗೆಳತಿ. ಇರಲಿ ಮೇಡಂ. ಅದೇ ವಾರ ಅವರದೂ ರಾಜೀನಾಮೆ ಬಂದಿದೆಯಲ್ಲ."

ತುತ್ತು ಕೈಯಲ್ಲೇ ಉಳಿಯಿತು. ಅವರು ಹೇಳುತ್ತ ಹೋದರು. ವರ್ಷಕ್ಕೊಮ್ಮೆ ಸದಸ್ಯತ್ವ ಖಚಿತಪಡಿಸಲು ಈಗ ಫೋನ್ ಮಾಡಿ ಬಾಯಲ್ಲೇ ಹೆಸರು ಹೇಳಬೇಕಂತೆ. ಯಂತ್ರ ಕ್ಷಣಕಾಲ ಕಾಯುತ್ತದೆ, ಆಮೇಲೆ ಕ್ಷಮಿಸಿ ಎನ್ನುತ್ತದೆ. ಇರಲಿ ಎಷ್ಟು ಸಲ ಮಾಡಿದಳೋ. ಕಡೆಗೆ ಕಾಗದದಲ್ಲಿ ಬರೆದು ಅಂಚೆಗೆ ಹಾಕಿದ್ದಾಳೆ. ಕಾರಣ ಎನ್ನುವಲ್ಲಿ ಒಂದೇ ಸಾಲು: "ಹೆಸರು ಹೇಳಲು ಆಗದ ಕಾರಣ."

"ಸದಸ್ಯತ್ವ ಇಲ್ಲದಿದ್ರೆ ಆಸ್ಪತ್ರೆ ಕೆಲಸ?" ಎಂದೆ.

"ಎಲ್ಲಿ ಉಳಿಯುತ್ತೆ? ಆ ಆಸ್ಪತ್ರೆಯವರು ಸಂಘದ ಸದಸ್ಯರನ್ನ ಮಾತ್ರ ಇಟ್ಕೊಳ್ಳೋದು. ಸೋಮವಾರ ಬೆಳಗ್ಗೆ ಸಭೆ. ಎರಡೂ ರಾಜೀನಾಮೆ ಅಂಗೀಕಾರ ಆಗುತ್ತೆ. ಆಮೇಲೆ ಮತ್ತೆ ಸೇರ್ತೀನಿ ಅಂದ್ರೆ ಅಪರಿಚಿತರ ಮುಂದೆ ಕೂತು ಮೌಖಿಕ ಪರೀಕ್ಷೆ ಕೊಡಬೇಕು. ಅವರು ಕೊಡ್ತಾರಾ?"

"ನೀವು ತಡೀಬಹುದಲ್ಲ."

"ನಾನು ಪತ್ರ ಹಾಕಿದೆ, ಉತ್ತರ ಇಲ್ಲ. ಫೋನ್ ಎತ್ತಲ್ಲ. ನೋಡಿ ಮೇಡಂ, ಸಭೆಗೆ ಮೊದಲು ಅವರ ಕಡೆಯಿಂದ ಸದಸ್ಯತ್ವ 'ಇರಲಿ' ಅಂತ ಒಂದು ಮಾತು ಬಂದ್ರೆ ಸಾಕು. ನಿಮ್ಮ ಮುಖಾಂತರ ಆದ್ರೂ ಆಯ್ತು. ಕಾಗದ ಹರಿದು ಹಾಕ್ತೀನಿ, ಹೆಸರು ನಾನೇ ಕೂತು ಕೈಯಾರೆ ಸೇರಿಸ್ತೀನಿ. ಯಂತ್ರ ಇಟ್ಟವರು ನಾವೇ ತಾನೆ?"

ಇರಲಿಯ ನಂಬರು ಕೊಟ್ಟರು. ಟೇಬಲ್ ಮೇಲೆ ಬೆರಳಲ್ಲೇ ಬರೆದುಕೊಂಡೆ ಗಡಿಬಿಡಿಯಲ್ಲಿ. ಅಮ್ಮ ಪೆನ್ನು ತಂದುಕೊಟ್ಟಳು.

ಇವತ್ತು ಫೋನ್ ಮಾಡಲಿಲ್ಲ. ಅವಳಿಗೆ ನಾನು ಎಂದೂ ಫೋನ್ ಮಾಡಿದವಳಲ್ಲ. ರಿಂಗ್ ಆದ ಕೂಡಲೇ ಎತ್ತಿ "ಹಲೋ" ಎನ್ನುವುದು ಅವಳಿಗೆ ಬೆಟ್ಟ ಹತ್ತಿದ ಹಾಗೆ. ಅದಕ್ಕೇ ಅವಳೇ ಮಾಡಬೇಕು, ಮಾತು ಕೈಗೆ ಬಂದಾಗ. ನಾನು ಎತ್ತಿ "ಹೇಳು" ಎಂದು ಸುಮ್ಮನಿರಬೇಕು. ಕಾಲೇಜಿನಿಂದ ಬಂದ ಒಪ್ಪಂದ. ಒಂದೊಂದು ಸಲ ನಾನು ಬಟ್ಟೆ ಇಸ್ತ್ರಿ ಮಾಡಿ ಮುಗಿಸಿದ ಮೇಲೆ ಅವಳ ಮೊದಲ ಪದ ಬರುತ್ತಿತ್ತು.

ಆದರೂ ನಂಗೆ ಹೇಳಬಹುದಿತ್ತಲ್ಲ ಅವಳು. ಇಷ್ಟೆಲ್ಲ ಆಗಿದೆ, ಒಂದು ಫೋನ್ ಇಲ್ಲ.

ಮಾರ್ಚ್ ೧೫, ಭಾನುವಾರ, ಮಧ್ಯಾಹ್ನ

ಪುಟ್ಟಿ ಮಡಿಲಲ್ಲಿದ್ದಾಳೆ, ಅಕ್ಷರ ಸೊಟ್ಟ.

ಅವಳ ನಂಬರನ್ನು ಫೋನಿಗೆ ತುಂಬಿಸುತ್ತಿದ್ದೆ. ಪೂರ್ತಿ ಒತ್ತುವ ಮೊದಲೇ ಫೋನು ಅದನ್ನು ಗುರುತಿಸಿತು. "ಹೆಸರು ಹೇಳದ ಕರೆ." ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು. ಬೆರಳಲ್ಲಿ ಸರಿಸುತ್ತ ಹೋದೆ, ಹೆರಿಗೆಯಾದ ವಾರದವರೆಗೂ ಹೋಯಿತು.

ಇವರನ್ನು ಕೂಗಿದೆ. ಬಂದು ನೋಡಿ ಇವರ ಮುಖ ಸಣ್ಣಗಾಯಿತು. "ನಾನು ನಿನಗೆ ನಿದ್ದೆ ಸಿಗಲಿ ಅಂತ..."

"ಗೊತ್ತು."

"ಆ ಕಡೆಯಿಂದ ಹೇಳಿದ್ದು ಇದರಲ್ಲಿ ಉಳಿದಿರುತ್ತೆ ಕಣೇ. ಕೇಳ್ತೀಯಾ?"

ಕೇಳಿದೆ. ಪುಟ್ಟಿ ಎದೆಗೆ ಬಾಯಿ ಹಾಕಿದ್ದಳು. ಮೊದಲು ನನ್ನ ದನಿ, "ದಯವಿಟ್ಟು ನಿಮ್ಮ ಹೆಸರು ಹೇಳಿ." ಆಮೇಲೆ ಏನೂ ಇಲ್ಲ. ಬೇರೆ ಯಾರಾದರೂ ಅದನ್ನು ಮೌನ ಎನ್ನುತ್ತಿದ್ದರು. ನನ್ನ ಕಸುಬಿನವಳಿಗೆ ಅದು ಮೌನವಲ್ಲ. ಬಿಗಿದ ತುಟಿಯ ಹಿಂದೆ ಉಸಿರು ತುಂಬಿ ನಿಂತ ಸದ್ದು ಅದು. ಅವಳು ತನ್ನ ನಿಜ ಹೆಸರನ್ನೇ ಹೇಳಲು ಹೊರಟಿದ್ದಳು, ಕೇಳಿದ್ದು ಹೆಸರಲ್ಲವೇ. ಅಷ್ಟರಲ್ಲಿ "ಕ್ಷಮಿಸಿ, ಅರ್ಥವಾಗಲಿಲ್ಲ."

ಇನ್ನೊಂದು. ಇನ್ನೊಂದು. ಒಂದರಲ್ಲಿ ಹಿಂದೆ ಮಕ್ಕಳ ಗಲಾಟೆ, ಆಸ್ಪತ್ರೆಯಿಂದ ಮಾಡಿದ್ದಿರಬೇಕು. ಒಂದರಲ್ಲಿ ಸಣ್ಣಗೆ ನಕ್ಕಿದ್ದಾಳೆ, ತನ್ನ ಮೇಲೆ ತಾನೇ ನಗುವ ಆ ನಗು. ಗುರುವಾರದ್ದನ್ನು, ನಾನು ಅಳಿಸಿದೆನಲ್ಲ, ಇವರು ಹುಡುಕಿ ತೆಗೆದರು. ಅದರಲ್ಲಿ "ಇ... ಇ..." ಇದೆ. ಬಾಯಿ ತೆರೆದರೆ ತಾನಾಗಿ ಬೀಳುವ ಪದವೂ ಅವಳಿಗೆ ಈಗ ಬೀಳುತ್ತಿಲ್ಲ. ಅಲ್ಲೂ ನಾನೇ ಕತ್ತರಿಸಿದ್ದೇನೆ. ಕ್ಷಮಿಸಿ. ಎಷ್ಟು ಸ್ಪಷ್ಟ ಉಚ್ಚಾರ.

ಆಮೇಲೆ ಕರೆಗಳಿಲ್ಲ.

ಸಂಘ ಅವಳನ್ನು ಹೊರಗೆ ಹಾಕಿದಾಗಲೂ ನನ್ನ ದನಿ, ನನ್ನ ಬಾಗಿಲು ತಟ್ಟಿದಾಗಲೂ ನನ್ನ ದನಿ. ಅವಳು ಏನು ಅಂದುಕೊಂಡಿರಬೇಕು? ಮಗು ನೋಡಲು ಬರಲಿಲ್ಲ ಎಂದು ನಾನು ಇಲ್ಲಿ ಬರೆದಿದ್ದೇನೆ. ಆ ಸಾಲನ್ನು ಹೊಡೆದುಹಾಕಲು ಹೋದೆ, ಆಗಲಿಲ್ಲ. ಇದ್ದದ್ದು ಇರಲಿ.

ಒಪ್ಪಂದ ಮುರಿದು ಅವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಮೂರನೆಯ ಸಲಕ್ಕೆ ಅಮ್ಮ ನನ್ನ ಕೈ ಹಿಡಿದಳು. "ಹೊಡ್ಕೋತಾ ಇದ್ರೆ ಅವಳು ಇನ್ನೂ ಹೆದರ್ತಾಳೆ. ಬರೆದು ಕಳಿಸು, ಓದಿಕೊಳ್ಳಲಿ."

ಅದೇ ದಿನ, ರಾತ್ರಿ

ಏನು ಬರೆಯಲಿ ಎಂದು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ದೀಪ ಹಾಕಿರಲಿಲ್ಲ, ಮಾತೂ ಇರಲಿಲ್ಲ. ಪುಟ್ಟಿ ಎಚ್ಚರವಾಗೇ ಇದ್ದಳು, ನನ್ನನ್ನೇ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ "ಆ...ಗೂ" ಎಂದಳು. ನಾನೇನೂ ಹೇಳಿಕೊಟ್ಟಿರಲಿಲ್ಲ. ಇವರನ್ನು ಎಬ್ಬಿಸಬೇಕಿತ್ತು, ಮರೆತೆ. ಅವಳು ಇನ್ನೊಮ್ಮೆ ಅಂದಾಳೆಂದು ಕಾಯುತ್ತ ಕೂತೆ.

ಆಮೇಲೆ ಬೇರೆ ಬರೆಯುವುದು ಬೇಡ ಅನ್ನಿಸಿತು. ಈ ಪುಟಗಳನ್ನೇ ಫೋಟೋ ತೆಗೆದು ನಿನಗೆ ಕಳಿಸುತ್ತಿದ್ದೇನೆ, ಇರಲಿ. ನನಗೆಂದೇ ಬರೆದುಕೊಂಡದ್ದು. ಮೊದಲಿನಿಂದ ಓದು, ನಿನ್ನ ಮೇಲೆ ಮುನಿದದ್ದನ್ನೂ ಮಗಳ ಹೆಸರಿನ ಮಾತನ್ನೂ ಬಿಡಬೇಡ. ಬೈಯಬೇಕಾದರೆ ನಿಧಾನವಾಗಿ ಬೈ, ಕೇಳಿಸಿಕೊಳ್ಳುತ್ತೇನೆ.

ಹೆಸರು ಕೇಳುವವಳನ್ನು ನನ್ನ ಫೋನಿನಿಂದ ಓಡಿಸಿದ್ದೇವೆ. ಬೆಳಗ್ಗೆ ಪುಟ್ಟಿಯನ್ನು ಎತ್ತಿಕೊಂಡು ಸಭೆಗೆ ಹೋಗುತ್ತೇನೆ, ಸಂಘದಿಂದಲೂ ಓಡಿಸಿಯೇ ಬರುತ್ತೇನೆ. ನೀನು ಉಳಿದರೆ ನಾನೂ ಉಳಿಯುತ್ತೇನೆ. ನನ್ನ ರಾಜೀನಾಮೆ ಹರಿದು ಹಾಕಲಿ, ಆ ದನಿಯದು ಮಾತ್ರ ಅಂಗೀಕಾರವಾಗಲಿ.

ಆದರೆ ನಿನ್ನ ಕಾಗದ ಹರಿಯಲು ನೀನೇ ಹೇಳಬೇಕು. ನಾನು ಇನ್ನು ಯಾರ ಬಾಯಿಗೂ ಮಾತು ತುರುಕುವುದಿಲ್ಲ. ಹೇಳಬೇಕಾದದ್ದು ಒಂದೇ ಪದ, ಅದು ನಿನ್ನದೇ. ಅದೂ ತಡೆದರೆ ತಡೆಯಲಿ. ನಿನ್ನ ಉಸಿರು ನನಗೆ ಗೊತ್ತು, ಹೌದೋ ಅಲ್ಲವೋ ಎಂದು ಅದರಲ್ಲೇ ತಿಳಿದುಕೊಳ್ಳುತ್ತೇನೆ.

ಫೋನು ಬೀರುವಿನ ಮೇಲಿಲ್ಲ, ಮಡಿಲಲ್ಲಿದೆ. ರಿಂಗ್ ಜೋರಾಗಿಟ್ಟಿದ್ದೇನೆ, ಮನೆಯೆಲ್ಲ ಎದ್ದರೆ ಏಳಲಿ. ಎತ್ತುತ್ತೇನೆ, "ಹೇಳು" ಎನ್ನುತ್ತೇನೆ, ಆಮೇಲೆ ಸುಮ್ಮನಿರುತ್ತೇನೆ, ನಿನಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಬೆಳಗಾಗುವ ಮೊದಲು ಒಂದು ಸಲ ಮಾಡೇ. ಕೈ ಮುಗೀತೀನಿ ಕಣೇ, ಮಾಡು.